ಹತ್ತು ಮತ್ತು ನೂರೈದು

ಅನಿಲ್ ಕುಂಬ್ಳೆಯವರ ಹೆಸರೆತ್ತಿದೊಡನೆ ನಮ್ಮವರ ನಾಲಗೆಯ ಮೇಲೆ ಬರುವ ಸಂಖ್ಯೆ ಹತ್ತು. 1999ರ ಫೆಬ್ರವರಿ 7ರಂದು ದಿಲ್ಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಎರಡನೆಯ ಇನಿಂಗ್ಸಿನ ಹತ್ತು ವಿಕೆಟ್ಟುಗಳನ್ನೂ ಅವರೊಬ್ಬರೇ 74 ಓಟಗಳಿಗೆ ಕಿತ್ತರು. ಊಟದ ವಿರಾಮದವರೆಗೆ ಒಂದು ವಿಕೆಟ್ಟೂ ಬಿದ್ದಿರಲಿಲ್ಲ. ಸಂಜೆಯೊಳಗೆ ಎಲ್ಲವೂ ಮುಗಿದಿತ್ತು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಅದಕ್ಕೆ ಹಿಂದೆ 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಜಿಮ್ ಲೇಕರ್ ಒಬ್ಬರೇ ಈ ಸಾಧನೆ ಮಾಡಿದ್ದರು. ಅನಂತರ 2021ರಲ್ಲಿ ಮುಂಬಯಿಯಲ್ಲಿ ಏಜಾಜ್ ಪಟೇಲ್ ಮಾಡಿದರು. ಇಂಥದನ್ನು ಜನ ನೆನಪಿಡುವುದು ಸಹಜ. ಆದರೆ ಹದಿನೆಂಟು ವರ್ಷಗಳ ಒಂದು ಕ್ರೀಡಾಜೀವನವನ್ನು ಒಂದು ಅಪರಾಹ್ನದ ಆಧಾರದಿಂದ ಬೆಲೆಗಟ್ಟುವುದು ಎಷ್ಟರಮಟ್ಟಿಗೆ ನ್ಯಾಯ? ಕವಿಯ ಒಂದೇ ಪದ್ಯವನ್ನು ಸಂಕಲನದಿಂದ ಸಂಕಲನಕ್ಕೆ ಹೊತ್ತುಕೊಂಡು ಹೋಗಿ, ಉಳಿದ ಪುಸ್ತಕಗಳನ್ನು ಕಪಾಟಿನಲ್ಲಿಯೇ ಬಿಡುವ ನಮ್ಮ ಸಾಹಿತ್ಯಪ್ರೇಮಿಗಳ ಅಭ್ಯಾಸವೇ ಇಲ್ಲಿಯೂ ಕಾಣುತ್ತದೆ.

ಕುಂಬ್ಳೆಯವರ ಬಾಳಿನಲ್ಲಿ ಇನ್ನೊಂದು ಸಂಖ್ಯೆ ಇದೆ: ನೂರೈದು. 1995ರ ಬೇಸಿಗೆಯಲ್ಲಿ ಅವರು ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಕೌಂಟಿಯ ಪರವಾಗಿ ಆಡಿ ವಿಕೆಟ್ ಒಂದಕ್ಕೆ 20.40 ಓಟದ ಸರಾಸರಿಯಲ್ಲಿ 105 ವಿಕೆಟ್ಟುಗಳನ್ನು ಪಡೆದರು. ಆ ವರ್ಷ ಆ ದೇಶದ ಪ್ರಥಮದರ್ಜೆ ಪಂದ್ಯಗಳಲ್ಲಿ ನೂರರ ಗಡಿ ದಾಟಿದವರು ಅವರೊಬ್ಬರೇ. ಈ ಸಾಧನೆಗೆ ನಮ್ಮಲ್ಲಿ ಮೆರವಣಿಗೆಯಾಗಲಿಲ್ಲ, ಅದನ್ನು ಮನೆಮನೆಯ ದೂರದರ್ಶನ ತೋರಿಸಲೂ ಇಲ್ಲ. ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದ ಒಂದು ಸಾಲು ಸಿಕ್ಕಿದರೆ ಅದೇ ಹೆಚ್ಚು. ಕುಂಬ್ಳೆಯವರನ್ನು ಅರಿಯಲು ಹತ್ತಕ್ಕಿಂತ ಈ ನೂರೈದೇ ಸರಿಯಾದ ದಾರಿಯೆಂಬುದು ಪ್ರಸ್ತುತ ಲೇಖಕನ ಮತ. ಅದನ್ನು ಸಕಾರಣವಾಗಿ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಂತೆ. ಈ ಕೌಂಟಿಗಳ ನಡುವಿನ ಅಧಿಕೃತ ಚಾಂಪಿಯನ್‌ಷಿಪ್ 1890ರಲ್ಲಿ ಮೊದಲಾಯಿತು. 1992ರಲ್ಲಿ ಡರಮ್ ಸೇರಿದ ಮೇಲೆ ಕೌಂಟಿಗಳ ಸಂಖ್ಯೆ 18 ಆಯಿತು. ಕುಂಬ್ಳೆಯವರು ಹೋದ ವರ್ಷ ಪ್ರತಿಯೊಂದು ಕೌಂಟಿಯೂ ಉಳಿದ ಹದಿನೇಳರೊಡನೆ ಒಂದೊಂದು ನಾಲ್ಕು ದಿನದ ಪಂದ್ಯವನ್ನು ಆಡಬೇಕಾಗಿತ್ತು. ಇವುಗಳ ನಡುನಡುವೆ ಒಂದು ದಿನದ ಪಂದ್ಯಗಳು ಬೇರೆ. ಏಪ್ರಿಲಿನ ಚಳಿಯಲ್ಲಿ ಆರಂಭವಾದ ಆಟ ಸೆಪ್ಟೆಂಬರಿನವರೆಗೆ ನಡೆಯುತ್ತದೆ. ಇಂದು ಇಲ್ಲಿ ಆಟ ಮುಗಿಸಿ, ರಾತ್ರಿ ಹಾದಿ ಸವೆಸಿ, ನಾಳೆ ಇನ್ನೊಂದೂರಿನಲ್ಲಿ ಚೆಂಡು ಹಿಡಿಯಬೇಕು. ನೋಡುವವರು ಕೆಲವೊಮ್ಮೆ ಕೆಲವೇ ನೂರು ಮಂದಿ. ಅವರಲ್ಲಿ ಕಂಬಳಿ ಹೊದ್ದ ವೃದ್ಧರೇ ಬಹಳ. ಮಳೆ ಬಂದರೆ ದಿನವಿಡೀ ಕಾದು ಕೂಡಬೇಕು. ಅಲ್ಲಿ ಕ್ರಿಕೆಟ್ಟು ಹಬ್ಬದೂಟವಾಗಿ ಉಳಿಯದೆ ದಿನನಿತ್ಯದ ರೊಟ್ಟಿಯಾಗುತ್ತದೆ.

ಭಾರತೀಯರಿಗೆ ಈ ಲೋಕ ಹೊಸದೇನಲ್ಲ. ರಣಜಿತ್‌ಸಿಂಹಜಿ, ದುಲೀಪ್‌ಸಿಂಹಜಿ ಸಸೆಕ್ಸಿನಲ್ಲಿ ಆಡಿ ಖ್ಯಾತರಾದರು. 1968ರಲ್ಲಿ ಪರದೇಶದ ಆಟಗಾರರಿಗೆ ಬಾಗಿಲು ಅಗಲವಾಗಿ ತೆರೆದ ಮೇಲೆ ಫಾರೂಖ್ ಇಂಜಿನಿಯರ್ ಲ್ಯಾಂಕಷೈರಿಗೆ ಹೋದರು. 1972ರಿಂದ 1977ರವರೆಗೆ ಬಿಷನ್ ಸಿಂಗ್ ಬೇಡಿಯವರು ಇದೇ ನಾರ್ಥಾಂಪ್ಟನ್‌ಷೈರಿನಲ್ಲಿ ತಮ್ಮ ಎಡಗೈ ಚಮತ್ಕಾರ ತೋರಿದರು. ನಮ್ಮ ಬೀದರ ಸೀಮೆಯವರಿಗೆ ಈ ನಂಟು ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಬಗದಲ್‌ನಂಥ ಊರಿನಿಂದ ನೋಡಿದರೆ ಇಂದಿಗೂ ಬೆಂಗಳೂರಿಗಿಂತ ಹೈದರಾಬಾದೇ ಬಲು ಹತ್ತಿರ. ಆ ಹೈದರಾಬಾದಿನ ಅಬ್ಬಾಸ್ ಅಲಿ ಬೇಗ್ 1960ರಿಂದ ಸಾಮರ್ಸೆಟ್ಟಿಗೆ ಆಡಿದರು. ಅಲ್ಲಿಯೇ ಹುಟ್ಟಿ ಪಾಕಿಸ್ತಾನಕ್ಕೆ ಹೋದ ಆಸಿಫ್ ಇಕ್ಬಾಲ್ ಕೆಂಟಿನ ನಾಯಕರೇ ಆದರು. ಕನ್ನಡನಾಡಿನ ಸರದಿ ಬಂದದ್ದು ತಡವಾಗಿ. ಆದರೆ 1995ರಲ್ಲಿ ಅದು ಒಂದಲ್ಲ, ಎರಡು ಹೆಸರುಗಳೊಡನೆ ಬಂದಿತು.

ಆ ಕಥೆಯ ಹಿನ್ನೆಲೆ ಸ್ವಾರಸ್ಯಕರ. ಆಗ ಕೌಂಟಿಯೊಂದಕ್ಕೆ ಒಬ್ಬನೇ ಪರದೇಶದ ಆಟಗಾರನೆಂಬ ಕಟ್ಟಳೆ ಇತ್ತು. ನಾರ್ಥಾಂಪ್ಟನ್‌ಷೈರಿನಲ್ಲಿ ಆ ಸ್ಥಾನ ಕರ್ಟ್ಲಿ ಆಂಬ್ರೋಸರದು. ಗ್ಲಾಸ್ಟರ್‌ಷೈರಿನಲ್ಲಿ ಕೋರ್ಟ್ನಿ ವಾಲ್ಷರದು. ಆ ವರ್ಷ ವೆಸ್ಟ್ ಇಂಡೀಸ್ ತಂಡವೇ ಇಂಗ್ಲೆಂಡಿನ ಪ್ರವಾಸಕ್ಕೆ ಬಂದುದರಿಂದ ಇಬ್ಬರ ಸ್ಥಾನವೂ ತೆರವಾಯಿತು. ಮೊದಲನೆಯದನ್ನು ಬೆಂಗಳೂರಿನ ಕುಂಬ್ಳೆ, ಎರಡನೆಯದನ್ನು ಮೈಸೂರಿನ ಜಾವಗಲ್ ಶ್ರೀನಾಥ್ ತುಂಬಿದರು. ಜಗತ್ತಿನ ಅತ್ಯುತ್ತಮ ವೇಗದ ಬೌಲರುಗಳಿಬ್ಬರ ಖಾಲಿ ಕುರ್ಚಿಯಲ್ಲಿ ಕುಳಿತವರು ಇಬ್ಬರು ಕನ್ನಡಿಗ ಇಂಜಿನಿಯರುಗಳು! ಅವರಿಗೆ ಸಿಕ್ಕಿದ್ದು ಒಂದು ಬೇಸಿಗೆಯ ಬದಲಿ ಕೆಲಸ. ನಮ್ಮ ಕಾಲೇಜುಗಳಲ್ಲಿ ರಜೆಯ ಮೇಲೆ ಹೋದ ಅಧ್ಯಾಪಕರ ಜಾಗದಲ್ಲಿ ಪಾಠ ಮಾಡಲು ಬಂದವರ ಸ್ಥಿತಿಯನ್ನು ಬಲ್ಲವರಿಗೆ ಆ ಕುರ್ಚಿಯ ಬಿಸಿ ಎಂಥದೆಂದು ತಿಳಿದೀತು.

ನಾರ್ಥಾಂಪ್ಟನ್ ವೈಭವದ ನಗರವಲ್ಲ. ಶತಮಾನಗಳಿಂದ ಅದು ಜೋಡು ಹೊಲಿಯುವ ಕಸುಬಿಗೆ ಹೆಸರಾದುದು. ಅಲ್ಲಿಯ ಫುಟ್ಬಾಲ್ ತಂಡದ ಅಡ್ಡಹೆಸರು ಕೂಡ ಆ ಕಸುಬಿನವರದೇ. ಆ ಕೌಂಟಿ ಚಾಂಪಿಯನ್‌ಷಿಪ್ಪನ್ನು ಒಮ್ಮೆಯೂ ಗೆದ್ದಿಲ್ಲ. ಹರಳಯ್ಯನವರು ಬಾಳಿದ ಕಲ್ಯಾಣ ನಮ್ಮ ಜಿಲ್ಲೆಯಲ್ಲಿಯೇ ಇದೆ. ಜೋಡು ಹೊಲಿಯುವವನ ಕೆಲಸದ ಬೆಲೆ ಒಂದು ಹಬ್ಬದ ದಿನದ ಅಲಂಕಾರದಿಂದ ತಿಳಿಯುವುದಿಲ್ಲ. ಆ ಜೋಡು ಮುಳ್ಳುಹಾದಿಯಲ್ಲಿ ಎಷ್ಟು ದಿನ ಬಾಳಿತೆಂಬುದರಿಂದ ತಿಳಿಯುತ್ತದೆ ಎಂಬುದನ್ನು ಕಲ್ಯಾಣದ ನೆರಳಿನಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಯಕವೆಂಬ ನಮ್ಮ ಮಾತಿಗೆ ಕ್ರಿಕೆಟ್ಟಿನಲ್ಲಿ ಹತ್ತಿರವಾದದ್ದನ್ನು ಹುಡುಕುವುದಾದರೆ ಅದು ಈ ಕೌಂಟಿಯ ಆಟವೇ.

ಅಲ್ಲಿಗೆ ಹೋದಾಗ ಕುಂಬ್ಳೆಯವರು ಇಪ್ಪತ್ತನಾಲ್ಕರ ತರುಣ. ಮನೆತನದ ಹೆಸರು ಕಾಸರಗೋಡಿನ ಕುಂಬಳೆಯದು. ಹುಟ್ಟಿದ್ದು, ಕಲಿತದ್ದು ಬೆಂಗಳೂರಿನಲ್ಲಿ. ಹುಡುಗನಾಗಿದ್ದಾಗ ಮಧ್ಯಮವೇಗದ ಬೌಲರ್; ಆಮೇಲೆ ಲೆಗ್‌ಸ್ಪಿನ್ನಿಗೆ ತಿರುಗಿದವರು. 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿ, ಬಳಿಕ ಎರಡು ವರ್ಷ ಹೊರಗುಳಿದರು. 1992ರ ಇರಾನಿ ಟ್ರೋಫಿ ಪಂದ್ಯದಲ್ಲಿ ದಿಲ್ಲಿಯ ವಿರುದ್ಧ 13 ವಿಕೆಟ್ ಪಡೆದು ಒಳಗೆ ಬಂದರು. ಆ ಮಧ್ಯಮವೇಗದ ಬಾಲ್ಯ ಅವರ ಬೌಲಿಂಗಿನಿಂದ ಎಂದೂ ಪೂರ್ತಿಯಾಗಿ ಮರೆಯಾಗಲಿಲ್ಲ. ಉದ್ದನೆಯ ಆಳು, ಎತ್ತರದಿಂದ ಬರುವ ಕೈ, ಚೆಂಡು ನೆಲಕ್ಕೆ ಬಿದ್ದ ಮೇಲೆ ಅಕ್ಕಪಕ್ಕಕ್ಕೆ ಹೊರಳುವ ಬದಲು ಮೇಲಕ್ಕೆ ಪುಟಿದು ರಭಸದಿಂದ ಒಳನುಗ್ಗುತ್ತಿತ್ತು. ‘ಇವರು ಚೆಂಡನ್ನು ತಿರುಗಿಸುವುದೇ ಇಲ್ಲ’ ಎಂಬ ಆಕ್ಷೇಪ ಅಂದಿನಿಂದ ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಅವರ ಆಟ ನೋಡಿಬಂದ ಇಂಗ್ಲೆಂಡಿನ ಕೀತ್ ಫ್ಲೆಚರರ ವರದಿಯ ಸಾರವೂ ಅದೇ. ಬಳಿಕ 1993ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡ್ ತಂಡ ಮೂರೇ ಟೆಸ್ಟುಗಳಲ್ಲಿ ಈ ‘ತಿರುಗದ’ ಚೆಂಡಿಗೆ 21 ವಿಕೆಟ್ಟುಗಳನ್ನು ಒಪ್ಪಿಸಿತು.

ಈ ಆಕ್ಷೇಪವನ್ನು ಸ್ವಲ್ಪ ಪರಿಶೀಲಿಸಬೇಕು. ಏಕೆಂದರೆ ಅದರ ಬೇರು ಅಭಿರುಚಿಯಲ್ಲಿದೆ. ಲೆಗ್‌ಸ್ಪಿನ್ ಎಂದರೆ ವಕ್ರೋಕ್ತಿ, ಚೆಂಡು ಡೊಂಕಾದಷ್ಟೂ ಕಲೆ ಹೆಚ್ಚು ಎಂಬ ಭಾವನೆ ನೋಡುಗರಲ್ಲಿ ಬೇರೂರಿದೆ. ಅದೇ ಕಾಲದಲ್ಲಿ ಆಸ್ಟ್ರೇಲಿಯದ ಶೇನ್ ವಾರ್ನ್ ಗಜದಗಲ ಚೆಂಡು ತಿರುಗಿಸಿ ಲೋಕವನ್ನು ಬೆರಗುಗೊಳಿಸಿದ್ದುದರಿಂದ ಆ ಭಾವನೆ ಇನ್ನಷ್ಟು ಬಲವಾಯಿತು. ಅಲಂಕಾರ ಬಲ್ಲವರು ಮಾತ್ರ ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ಅಲಂಕಾರ ಇರುವುದು ಕಣ್ಣಿಗೆ ಹೊಡೆಯಲೋ, ಕೆಲಸಕ್ಕೆ ಒದಗಲೋ? ನಮ್ಮೂರ ಬಿದರಿಯ ಕಸುಬುದಾರನನ್ನು ನೋಡಿ. ಅವನು ಬೆಳ್ಳಿಯ ತಂತಿಯನ್ನು ಪಾತ್ರೆಯ ಮೇಲೆ ಅಂಟಿಸುವುದಿಲ್ಲ. ಮೊದಲು ಉಳಿಯಿಂದ ಲೋಹದಲ್ಲಿ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯನ್ನು ಬಡಿದು ಕೂರಿಸುತ್ತಾನೆ. ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಮೇಲೆಯೇ ಆ ಬೆಳ್ಳಿ ಹೊಳೆಯುವುದು. ಕೈಯಾಡಿಸಿದರೆ ಎಲ್ಲ ಒಂದೇ ಮಟ್ಟ, ಎಲ್ಲಿಯೂ ಉಬ್ಬು ಸಿಗದು. ಕುಂಬ್ಳೆಯವರ ಬೌಲಿಂಗಿನ ಸೊಗಸು ಇಂಥದು. ಅವರ ಗೂಗ್ಲಿ, ಮೇಲ್ತಿರುವಿನ ಚೆಂಡು, ತಗ್ಗಿ ನುಗ್ಗುವ ಫ್ಲಿಪ್ಪರ್ ಒಂದರಿಂದೊಂದು ಬೆರಳಷ್ಟೇ ಬೇರೆ. ಬ್ಯಾಟುಗಾರನಿಗೆ ಆ ಬೆರಳಿನ ವ್ಯತ್ಯಾಸ ತಿಳಿಯುವ ಹೊತ್ತಿಗೆ ಚೆಂಡು ಅವನ ಕಾಲಿಗೆ ಬಡಿದಿರುತ್ತದೆ. ಬ್ಯಾಟಿನ ಅಂಚು ತಪ್ಪಿಸಲು ಗಜದಗಲ ತಿರುವು ಬೇಕಿಲ್ಲ, ಎರಡಂಗುಲ ಸಾಕು. ಕ್ಷೇಮೇಂದ್ರ ಇದನ್ನು ಔಚಿತ್ಯವೆಂದು ಕರೆಯುತ್ತಿದ್ದನೇನೋ.

ಇಂಥ ಕಲೆ ಬೆಳೆಯಲು ಬೇಕಾದ ನೆಲವೇ ಕೌಂಟಿ. ಕಾವ್ಯಕ್ಕೆ ಕಾರಣವೇನೆಂದು ಕೇಳಿದರೆ ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸವೆಂಬ ಮೂರನ್ನು ಹೇಳುತ್ತಾರೆ. ಮಮ್ಮಟನಂತೂ ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಕೂಡಿ ಒಂದೇ ಕಾರಣವೆಂದು ಸ್ಪಷ್ಟಪಡಿಸಿದ್ದಾನೆ. ಪ್ರತಿಭೆ ಬೆಂಗಳೂರಿನಿಂದಲೇ ಬಂದಿತ್ತು. ಬಗೆಬಗೆಯ ನೆಲ, ಗಾಳಿ, ಹವೆ, ಎದುರಾಳಿಗಳ ಪರಿಚಯದಿಂದ ಬರುವ ವ್ಯುತ್ಪತ್ತಿಯನ್ನೂ, ದಿನದಿನದ ಕೆಲಸದಿಂದ ಬರುವ ಅಭ್ಯಾಸವನ್ನೂ ಆ ಬೇಸಿಗೆ ಒಟ್ಟಾಗಿ ನೀಡಿತು. ಹದಿನೇಳು ಎದುರಾಳಿ ತಂಡಗಳು; ಮೇ ತಿಂಗಳ ಹಸಿಯಾದ ಪಿಚ್ಚು, ಆಗಸ್ಟಿನ ಒಣಗಿದ ಪಿಚ್ಚು; ಬೆರಳು ಮರಗಟ್ಟುವ ಚಳಿಯಲ್ಲಿ ಚೆಂಡಿನ ಹೊಲಿಗೆಯನ್ನು ಹಿಡಿಯುವ ಕಷ್ಟ. 105 ವಿಕೆಟ್ಟಿಗೆ ತಲಾ 20.40 ಎಂದರೆ ಅವರು ಕೊಟ್ಟದ್ದು ಸುಮಾರು 2,140 ಓಟ. ಅಷ್ಟು ಓಟಗಳನ್ನು ಎಣಿಸಿ ಎಣಿಸಿ, ಜಿಪುಣನ ಕೈಯಿಂದ ಕಾಸು ಬಿಡಿಸಿದ ಹಾಗೆ ಕೊಡಬೇಕಾದರೆ ಎಷ್ಟು ನೂರು ಓವರುಗಳ ತಾಳ್ಮೆ ಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಆ ತಾಳ್ಮೆಯ ಫಲ ತಂಡಕ್ಕೂ ದಕ್ಕಿತು. ಅಲನ್ ಲ್ಯಾಂಬರ ನಾಯಕತ್ವದಲ್ಲಿ ನಾರ್ಥಾಂಪ್ಟನ್‌ಷೈರ್ ಆ ವರ್ಷ ವಾರಿಕ್‌ಷೈರ್, ಮಿಡ್ಲ್‌ಸೆಕ್ಸ್‌ಗಳ ಹಿಂದೆ ಮೂರನೆಯ ಸ್ಥಾನಕ್ಕೆ ಬಂದಿತು. ಒಂದು ಪಂದ್ಯವನ್ನು ಇಲ್ಲಿ ನೆನೆಯಬೇಕು. ನಾಟಿಂಗ್‌ಹ್ಯಾಮ್‌ಷೈರ್ ಮೊದಲು ಆಡಿ 527 ಓಟ ಗಳಿಸಿತು. ಅಷ್ಟು ಗಳಿಸಿದ ತಂಡ ಸೋಲುವುದುಂಟೇ? ಉತ್ತರವಾಗಿ ನಾರ್ಥಾಂಪ್ಟನ್‌ಷೈರ್ ಏಳು ವಿಕೆಟ್ಟಿಗೆ 781 ಓಟ ಮಾಡಿ ಡಿಕ್ಲೇರ್ ಮಾಡಿತು. ಆಮೇಲೆ ಎದುರಾಳಿಯನ್ನು 157ಕ್ಕೆ ಉರುಳಿಸಿ ಒಂದು ಇನಿಂಗ್ಸ್ ಮತ್ತು 97 ಓಟಗಳಿಂದ ಗೆದ್ದಿತು. ಬ್ಯಾಟುಗಾರರ ರಾಶಿಯಂಥ ಆ ಪಿಚ್ಚಿನಲ್ಲಿ ಕೊನೆಗೆ ಹತ್ತು ಜನರನ್ನು ಹೊರಗಟ್ಟಬಲ್ಲ ಬೌಲಿಂಗು ಕೈಯಲ್ಲಿದೆ ಎಂಬ ಭರವಸೆ ಇಲ್ಲದಿದ್ದರೆ ಯಾವ ನಾಯಕನೂ ಅಂಥ ಲೆಕ್ಕ ಹಾಕುತ್ತಿರಲಿಲ್ಲ. 1996ರಲ್ಲಿ ವಿಸ್ಡನ್ ಪಂಚಾಂಗ ವರ್ಷದ ಐವರು ಕ್ರಿಕೆಟಿಗರನ್ನು ಆರಿಸಿದಾಗ ಕುಂಬ್ಳೆಯವರು ಅವರಲ್ಲಿ ಒಬ್ಬರಾದರು. ಇಂಗ್ಲಿಷರ ಬೇಸಿಗೆಯನ್ನು ಮುಖ್ಯವಾಗಿ ನೋಡುವ ಆ ಗೌರವ ಬಂದುದು ಕೋಟ್ಲಾಕ್ಕಿಂತ ಮೂರು ವರ್ಷ ಮೊದಲು ಎಂಬುದನ್ನು ನಾವು ಮರೆತಿದ್ದೇವೆ.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷದ ವಾದಕ್ಕೂ ಕಿವಿಗೊಡಬೇಕು. ಕೌಂಟಿಯ ಆಟದ ಮಟ್ಟ ಅಷ್ಟೇನೂ ಉಚ್ಚವಲ್ಲ, ಹದಿನೆಂಟು ತಂಡಗಳಲ್ಲಿ ಕಾಳಿಗಿಂತ ಹೊಟ್ಟು ಹೆಚ್ಚು ಎಂದು ಇಂಗ್ಲಿಷರೇ ಆಗ ದೂರುತ್ತಿದ್ದರು. ಆ ದೂರಿನ ಫಲವಾಗಿಯೇ 2000ದಿಂದ ಚಾಂಪಿಯನ್‌ಷಿಪ್ಪನ್ನು ಎರಡು ದರ್ಜೆಗಳಾಗಿ ವಿಂಗಡಿಸಿದರು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ನೂರೈದು ವಿಕೆಟ್ ಪಡೆದ ಮರುವರ್ಷವೇ, ಅಂದರೆ 1996ರಲ್ಲಿ, ಕುಂಬ್ಳೆಯವರು ಭಾರತ ತಂಡದೊಡನೆ ಅದೇ ಇಂಗ್ಲೆಂಡಿಗೆ ಹೋದರು. ಮೂರು ಟೆಸ್ಟುಗಳಲ್ಲಿ ಅವರಿಗೆ ದೊರೆತ ವಿಕೆಟ್ಟುಗಳು ಬೆರಳೆಣಿಕೆಯವು. ಹಾಗಾದರೆ ಆ ನೂರೈದು ಬಡ ಬ್ಯಾಟುಗಾರರಿಂದ ವಸೂಲು ಮಾಡಿದ ಕಂದಾಯವೇ?

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇದಕ್ಕೆ ಒಂದು ಉತ್ತರ ಸರಳವಾದುದು: ಒಂದಿಡೀ ಬೇಸಿಗೆ ಆ ಬೌಲರನನ್ನು ಇಂಗ್ಲಿಷರು ಕಂಡಿದ್ದರು, ಅವರೂ ಪಾಠ ಕಲಿತಿದ್ದರು. ಇನ್ನೊಂದು ಉತ್ತರಕ್ಕೆ ನಾವು ಆರು ವರ್ಷ ಕಾಯಬೇಕು. 2002ರ ಆಗಸ್ಟಿನಲ್ಲಿ ಲೀಡ್ಸಿನ ಹೆಡಿಂಗ್ಲಿಯಲ್ಲಿ, ವೇಗದ ಬೌಲರುಗಳ ತವರೆನಿಸಿದ ನೆಲದಲ್ಲಿ, ಭಾರತ ಇಂಗ್ಲೆಂಡನ್ನು ಒಂದು ಇನಿಂಗ್ಸ್ ಮತ್ತು 46 ಓಟಗಳಿಂದ ಸೋಲಿಸಿತು. ಮೊದಲ ದಿನದ ಮೋಡದಲ್ಲಿ ರಾಹುಲ್ ದ್ರಾವಿಡರು ನಿಂತು 148 ಓಟ ಗಳಿಸಿದರು. ಕುಂಬ್ಳೆಯವರು ಎರಡೂ ಇನಿಂಗ್ಸ್ ಸೇರಿ 7 ವಿಕೆಟ್ ಪಡೆದರು. ಈ ಇಬ್ಬರೂ ಕೌಂಟಿಯಲ್ಲಿ ಪಳಗಿದವರೆಂಬುದು ಕೇವಲ ಕಾಕತಾಳೀಯವೆನಿಸುವುದಿಲ್ಲ. ದ್ರಾವಿಡರು 2000ದಲ್ಲಿ ಕೆಂಟಿಗೆ ಆಡಿ, ಪ್ರಥಮದರ್ಜೆ ಪಂದ್ಯಗಳಲ್ಲಿ ಸಾವಿರಕ್ಕೂ ಹೆಚ್ಚು ಓಟ ಕೂಡಿಸಿದ್ದರು. ಪೋರ್ಟ್ಸ್‌ಮತ್ತಿನಲ್ಲಿ ಹ್ಯಾಂಪ್‌ಷೈರಿನ ಪರ ಆಡುತ್ತಿದ್ದ ಶೇನ್ ವಾರ್ನರನ್ನು ಎದುರಿಸಿ ಶತಕ ಹೊಡೆದಿದ್ದರು. ಅಲ್ಲಿ ಅವರ ತರಬೇತುದಾರರಾಗಿದ್ದ ಜಾನ್ ರೈಟ್ ಅದೇ ವರ್ಷದ ಕೊನೆಗೆ ಭಾರತ ತಂಡದ ತರಬೇತುದಾರರಾಗಿ ಬಂದರು. ಕೌಂಟಿಯ ವಿದ್ಯೆ ಮರುದಿನವೇ ಫಲ ಕೊಡುವಂಥದಲ್ಲ. ಬಿತ್ತಿದ ಬೀಜ ಮೊಳೆಯುವುದಕ್ಕೆ ಒಂದು ಹದ ಕೂಡಿಬರಬೇಕು. ಹಿಂಗಾರಿನ ಜೋಳ ಬೆಳೆಯುವವರಿಗೆ ಇದು ಗೊತ್ತಿರುವ ಸಂಗತಿ.

ಈ ವಿದ್ಯೆಗೆ ತೆರಬೇಕಾದ ಬೆಲೆಯನ್ನೂ ಮುಚ್ಚಿಡಬಾರದು. ಶ್ರೀನಾಥರು ಅದೇ 1995ರಲ್ಲಿ ಗ್ಲಾಸ್ಟರ್‌ಷೈರಿಗೆ 87 ವಿಕೆಟ್ ಗಳಿಸಿಕೊಟ್ಟರು. ಅಬರ್ಗವೆನಿಯಲ್ಲಿ ಗ್ಲಾಮೋರ್ಗನ್ನಿನ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 9 ವಿಕೆಟ್ ಪಡೆದರು. ವೇಗದ ಬೌಲರನಿಗೆ ಆ ದುಡಿಮೆ ಸಾಮಾನ್ಯವಲ್ಲ. 1997ರಲ್ಲಿ ಭುಜದ ನೋವು ಅವರನ್ನು ವೆಸ್ಟ್ ಇಂಡೀಸ್ ಪ್ರವಾಸದಿಂದ ದೂರವಿಟ್ಟು ಶಸ್ತ್ರಚಿಕಿತ್ಸೆಯ ಮೇಜಿಗೆ ಒಯ್ದಿತು. 2000ದಲ್ಲಿ ಕುಂಬ್ಳೆಯವರು ಲೆಸ್ಟರ್‌ಷೈರಿಗೆ ಆಡಿ ಬಂದರು. ಕೆಲವು ತಿಂಗಳುಗಳಲ್ಲಿ ಅವರ ಭುಜಕ್ಕೂ ಶಸ್ತ್ರಚಿಕಿತ್ಸೆ ಆಯಿತು. ಇದಕ್ಕೆಲ್ಲ ಕೌಂಟಿಯೊಂದೇ ಕಾರಣವೆನ್ನುವುದು ತಪ್ಪಾದೀತು. ದೇಶಕ್ಕಾಗಿ ಆಡಿದ ಪಂದ್ಯಗಳ ಹೊರೆಯೂ ಆ ಭುಜಗಳ ಮೇಲಿತ್ತು. ಆದರೂ ದೇಹವೆಂಬುದು ಬತ್ತದ ಬಾವಿಯಲ್ಲ. ಶ್ರೀನಾಥರ ನಿಡಿದಾದ ದುಡಿಮೆಗೆ ನಮ್ಮ ಮೆಚ್ಚುಗೆಯ ಲೆಕ್ಕದಲ್ಲಿ ಸಿಕ್ಕ ಸ್ಥಾನ ತೀರ ಕಡಿಮೆ. ಏಕೆಂದರೆ ಅವರಿಗೊಂದು ‘ಹತ್ತು’ ಇರಲಿಲ್ಲ. ಒಂದೇ ದಿನವನ್ನು ಅಳತೆಗೋಲು ಮಾಡಿಕೊಂಡ ವಿಮರ್ಶೆಯಿಂದ ಆಗುವ ಅನ್ಯಾಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೋಟ್ಲಾದ ಆ ದಿನವನ್ನು ಈಗ ಮತ್ತೊಮ್ಮೆ ನೋಡೋಣ. 26 ಓವರು, 3 ಚೆಂಡು. ಒಬ್ಬರ ಹಿಂದೆ ಒಬ್ಬರು ಹತ್ತು ಮಂದಿ. ಆ ಓವರುಗಳಲ್ಲಿ ಯಾವುದೂ ಪವಾಡದ ಚೆಂಡಾಗಿರಲಿಲ್ಲ. ಅದೇ ಉದ್ದ, ಅದೇ ಗೆರೆ, ಅದೇ ಪುಟಿತ. ವಿಕೆಟ್ಟಿನ ಹತ್ತಿರ ಕಾದು ನಿಂತ ಕೈಗಳು. ಕೆಲವೇ ನೂರು ಜನರ ಮುಂದೆ, ಮೋಡದಡಿಯಲ್ಲಿ, ಬೇಸಿಗೆಯುದ್ದಕ್ಕೂ ಮಾಡಿದ ಕೆಲಸವನ್ನೇ ಅವರು ಸಹಸ್ರಾರು ಜನರ ಕೂಗಿನ ನಡುವೆ ಮಾಡಿದರು. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರು ಬೌಲ್ ಮಾಡಿ ಬ್ರಯನ್ ಲಾರಾರನ್ನು ಔಟು ಮಾಡಿದಾಗಲೂ ಅಷ್ಟೆ. ನಾವು ಅದನ್ನು ವೀರರಸವೆಂದು ಕೊಂಡಾಡಿದೆವು. ಕೆಲಸದ ದಿನ ಕೆಲಸಕ್ಕೆ ಹೋಗುವ ಅಭ್ಯಾಸವೂ ಅದರಲ್ಲಿ ಅಷ್ಟೇ ಇತ್ತು. ಲೇಕರರೂ ಹೀಗೆಯೇ ಸರ್ರೆ ಕೌಂಟಿಯ ದಿನಗೂಲಿಯಲ್ಲಿ ಬೆಳೆದವರು. ಆ ಸರ್ರೆಗೆ 2006ರಲ್ಲಿ ಕುಂಬ್ಳೆಯವರೂ ಸ್ವಲ್ಪ ಕಾಲ ಆಡಿದರೆಂಬುದು ಒಪ್ಪುವ ಮಾತು. ಟೆಸ್ಟಿನಲ್ಲಿ 619, ಪ್ರಥಮದರ್ಜೆಯಲ್ಲಿ ಒಟ್ಟು 1,136 ವಿಕೆಟ್ಟುಗಳ ಆ ಬಾಳಿಗೆ ಹತ್ತು ಶಿಖರವಾದರೆ ನೂರೈದು ಅಡಿಪಾಯ. ಗುಡಿಯನ್ನು ಅಳೆಯಬೇಕಾದವನು ನೆಲಗಟ್ಟಿನಿಂದಲೇ ಮೊದಲು ಮಾಡಬೇಕು.

ಇದು ಹಳೆಯ ಲೆಕ್ಕವನ್ನು ಕೆದಕುವ ಮಾತಷ್ಟೇ ಅಲ್ಲ. 2008ರಿಂದ ನಮ್ಮ ದೇಶದ ಬೇಸಿಗೆ ಐಪಿಎಲ್ಲಿನ ವಶವಾಗಿದೆ. ಅಲ್ಲಿ ಬೌಲರನಿಗೆ ಸಿಗುವುದು ಪಂದ್ಯಕ್ಕೆ ನಾಲ್ಕೇ ಓವರು. ಇಪ್ಪತ್ತನಾಲ್ಕು ಚೆಂಡುಗಳಲ್ಲಿ ಚಮತ್ಕಾರ ತೋರಬಹುದು. ಒಬ್ಬ ಬ್ಯಾಟುಗಾರನನ್ನು ಹತ್ತು ಓವರು ಕಾಲ ಒಂದೇ ಜಾಗದಲ್ಲಿ ಕಟ್ಟಿಹಾಕಿ, ಅವನ ಅಹಂಕಾರ ಕರಗುವವರೆಗೆ ಕಾಯುವ ವಿದ್ಯೆಯನ್ನು ಕಲಿಯುವುದು ಎಲ್ಲಿ? ನಮ್ಮ ಕಡೆ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಹುಡುಗರು ಟೆನಿಸ್ ಚೆಂಡು ಹಿಡಿದು ಆರೆಂಟು ಓವರಿನ ಪಂದ್ಯ ಆಡುತ್ತಾರೆ. ಅವರಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ಒಂದು ಸಿಕ್ಸರು, ಒಂದು ಯಾರ್ಕರು ಮೊಬೈಲಿನಲ್ಲಿ ಊರೂರು ಸುತ್ತಿದರೆ ಅದೇ ಕೀರ್ತಿಯೆಂದು ಅವರು ನಂಬಿದರೆ ತಪ್ಪು ಅವರದೆನ್ನಲಾಗದು. ಮೆಚ್ಚುವವರು ಯಾವುದನ್ನು ಮೆಚ್ಚುತ್ತಾರೋ ಅದನ್ನೇ ಕಲಿಯುವವರು ಕಲಿಯುತ್ತಾರೆ. ಅಭಿರುಚಿಯನ್ನು ತಿದ್ದುವ ಹೊಣೆ ಸಾಹಿತ್ಯದಲ್ಲಿರುವಂತೆ ಆಟದಲ್ಲಿಯೂ ವಿಮರ್ಶಕರದು.

ಕೌಂಟಿಯ ದಾರಿ ಪೂರ್ತಿಯಾಗಿ ಮುಚ್ಚಿಹೋಗಿಲ್ಲವೆಂಬುದಕ್ಕೆ ಕರುಣ್ ನಾಯರ್ ಸಾಕ್ಷಿ. ಟೆಸ್ಟಿನಲ್ಲಿ ತ್ರಿಶತಕ ಹೊಡೆದೂ ಮೂಲೆಗುಂಪಾಗಿ, ಕರ್ನಾಟಕ ತಂಡದಲ್ಲಿಯೂ ಸ್ಥಾನ ಕಳೆದುಕೊಂಡ ಅವರು 2023ರಲ್ಲಿ ಇದೇ ನಾರ್ಥಾಂಪ್ಟನ್‌ಷೈರಿಗೆ ಹೋದರು. ಸರ್ರೆಯ ವಿರುದ್ಧ 150, ಮರುವರ್ಷ ಗ್ಲಾಮೋರ್ಗನ್ನಿನ ವಿರುದ್ಧ ಅಜೇಯ 202. ಅತ್ತ ವಿದರ್ಭದ ಪರ ಓಟಗಳನ್ನು ರಾಶಿ ಹಾಕಿ, 2025ರಲ್ಲಿ ಎಂಟು ವರ್ಷಗಳ ಅಜ್ಞಾತವಾಸದ ಬಳಿಕ ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ಮರಳಿದ ಮೇಲೆ ದೊಡ್ಡ ಯಶಸ್ಸು ಸಿಗಲಿಲ್ಲ, ನಿಜ. ಆದರೆ ಮರಳುವ ದಾರಿಯನ್ನು ಸವೆಸಿದ್ದು ಯಾರೂ ನೋಡದ ಮೈದಾನಗಳಲ್ಲಿ.

ಕುಂಬ್ಳೆಯವರಿಗೆ ನಾರ್ಥಾಂಪ್ಟನ್‌ಷೈರಿನಲ್ಲಿ ಎರಡನೆಯ ಬೇಸಿಗೆ ಸಿಗಲಿಲ್ಲ. 1996ರಲ್ಲಿ ಆಂಬ್ರೋಸರು ತಮ್ಮ ಸ್ಥಾನಕ್ಕೆ ಮರಳಿದರು. ಬದಲಿ ಕೆಲಸಕ್ಕೆ ಬಂದವರು ನೂರೈದು ವಿಕೆಟ್ ಪಡೆದಿದ್ದರೂ ಬದಲಿಯವರೇ. ಅದಕ್ಕಾಗಿ ಅವರು ಹಲುಬಿದ ದಾಖಲೆಯೂ ಇಲ್ಲ, ಆ ಸಂಖ್ಯೆಯನ್ನು ಹಿಡಿದು ಮೆರೆದ ದಾಖಲೆಯೂ ಇಲ್ಲ. ಕೆಲಸ ಮುಗಿಯಿತು, ಊರಿಗೆ ಬಂದರು. ಕನ್ನಡದಲ್ಲಿ ಅವರ ಬಗ್ಗೆ ಮುಂದೆ ಬರೆಯುವವರು ಕೋಟ್ಲಾದ ಅಪರಾಹ್ನಕ್ಕೆ ಒಂದು ಪುಟ ಕೊಡಲಿ. ಜೋಡು ಹೊಲಿಯುವ ಊರಿನ ಆ ಆರು ತಿಂಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಡಲಿ.